ಬೈಗುಳದ ನೆಂಟರು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಇದು ಸಾವಿನ ಮನೆಯ ಕಥೆ. ಇದನ್ನು ಬರೆಯುವಾಗ ನಗು ತಡೆಯಲಾರದೆ ಪೆನ್ನು ಕೆಳಗಿಟ್ಟದ್ದೂ ಉಂಟು. ಸಾವಿನ ಬಗ್ಗೆ ಬರೆಯುತ್ತಾ ನಗುವವಳು ಎಂಥವಳೋ ಎಂದು ನಿಮಗೆ ಅನ್ನಿಸಬಹುದು, ನನಗೂ ಅನ್ನಿಸಿದೆ. ನಾನು ಕಲಿತದ್ದು ಸಂಜೆ ಶಾಲೆಯಲ್ಲಿ, ದಿನವಿಡೀ ದುಡಿದು ದಣಿದ ಕಣ್ಣಿನಲ್ಲಿ. ಹಗಲು ಶಾಲೆಯಲ್ಲಿ ಓದಿದವರು ಇದನ್ನು ಇನ್ನೂ ನೆಟ್ಟಗೆ ಹೇಳಿಯಾರು. ಆದರೆ ಅವತ್ತು ಬಾಗಿಲ ಬಳಿ ನೀರಿನ ಕೊಡ ಹಿಡಿದು ನಿಂತವಳು ನಾನು. ಅವರ್ಯಾರೂ ಅಲ್ಲಿರಲಿಲ್ಲ. ಅದಕ್ಕೇ ಧೈರ್ಯ ಮಾಡಿದ್ದೇನೆ.

ನನ್ನ ಹೆಸರು ಸಿಬ್ದು. ವಾಯಿಗುಯಾ ಪಟ್ಟಣದ ಅಂಚಿನಲ್ಲಿ ನೀರು ಬಿಡುವುದು ನನ್ನ ಕೆಲಸ. ರಾಸ್ಮಾನೆ ಸವದೊಗೊ ಅಜ್ಜನ ಹೊಲದಲ್ಲಿ ನೆರವಿನ ಸಂಸ್ಥೆಯವರು ಒಂದು ಭಾರಿ ರಬ್ಬರ್ ಚೀಲ ಹಾಸಿ, ಅದಕ್ಕೆ ಸಾಲಾಗಿ ನಲ್ಲಿ ಸಿಕ್ಕಿಸಿದ್ದಾರೆ. ಬೆಳಿಗ್ಗೆ ಟ್ಯಾಂಕರ್ ಬಂದು ತುಂಬಿಸಿದಾಗ ಚೀಲ ಹೊಟ್ಟೆತುಂಬ ಮೇದು ಮಲಗಿದ ಹಸುವಿನ ಹಾಗೆ ಉಬ್ಬುತ್ತದೆ. ಮಧ್ಯಾಹ್ನಕ್ಕೆಲ್ಲ ಒಣಹಾಕಿದ ಚರ್ಮದ ಹಾಗೆ ನೆಲಕ್ಕಂಟುತ್ತದೆ. ನಮ್ಮಲ್ಲಿ ಸರದಿಯಲ್ಲಿ ಜನ ನಿಲ್ಲುವುದಿಲ್ಲ, ಕ್ಯಾನುಗಳು ನಿಲ್ಲುತ್ತವೆ. ಜನ ಬೇವಿನ ಮರದ ನೆರಳಲ್ಲಿ ಕೂತಿರುತ್ತಾರೆ. ಬಿಸಿಲಲ್ಲಿ ಅವರ ಹಳದಿ ಎಣ್ಣೆಕ್ಯಾನುಗಳು ಒಂದರ ಹಿಂದೊಂದು ಕಾಯುತ್ತವೆ. ಕೆಂಪು ಚಿಂದಿ ಕಟ್ಟಿದ್ದು ಯಾರದು, ಹಿಡಿ ಮುರಿದದ್ದು ಯಾರದು, ಮುಚ್ಚಳದ ಬದಲು ಜೋಳದ ದಂಟು ತುರುಕಿದ್ದು ಯಾರದು, ಎಲ್ಲ ನನಗೆ ಗೊತ್ತು. ಯಾರದೋ ಕ್ಯಾನು ಒಂದು ಗೇಣು ಮುಂದೆ ಜರುಗಿ ನಾನು ನೋಡದೇ ಹೋದೆನೇನೋ ಎಂದು ಮನೆಗೆ ಹೋದ ಮೇಲೂ ಯೋಚನೆ ಹತ್ತುತ್ತದೆ. ಹಾಗಿದೆ ನನ್ನ ಸ್ವಭಾವ.

ಆ ಹೊಲದ ತುಂಬ ಟಾರ್ಪಾಲಿನ ಗುಡಾರಗಳು. ಅದರೊಳಗಿನವರೆಲ್ಲ ಪಶ್ಚಿಮದಿಂದ, ಸೂರೂ ಹೊಳೆಯ ಕಡೆಯಿಂದ ಓಡಿಬಂದ ಸಾಮೋ ಜನ. ಬಂದೂಕಿನವರು ಅವರ ಊರಿನ ಕಣಜಗಳಿಗೆ ಬೆಂಕಿಯಿಟ್ಟಿದ್ದರು. ಅವರಿಗೆಲ್ಲ ಹಿರಿಯಳಂತಿದ್ದವಳು ಕರಿಜಾ ತೋಯೆ: ಉದ್ದ ಕತ್ತು, ದೊಡ್ಡ ಕೈ, ಅರವತ್ತರ ಆಸುಪಾಸಿನ ವಿಧವೆ. ನಾವು ಈ ಊರಿನವರು, ಮೊಸ್ಸಿಗಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ಮೊಸ್ಸಿಗಳಿಗೂ ಸಾಮೋಗಳಿಗೂ ಇರುವುದು ಬೈಗುಳದ ನೆಂಟಸ್ತಿಕೆ. ಸಂತೆಯಲ್ಲಿ ಎದುರಾದರೆ ‘ಏನೋ ನನ್ನ ಗುಲಾಮ’ ಎಂದೇ ಮಾತು ಶುರುವಾಗಬೇಕು. ಮೊಸ್ಸಿಯಾದವನು ಸಾಮೋನನ್ನು ನಾಯಿ ತಿನ್ನುವವನು ಎನ್ನಬೇಕು. ಸಾಮೋ ತಿರುಗಿ, ನಾಯಿಯ ತಲೆಗಾಗಿ ನಿಮ್ಮಜ್ಜ ನಮ್ಮಜ್ಜನ ಕಾಲು ಹಿಡಿದಿದ್ದ ಎನ್ನಬೇಕು. ಕೋಳಿ ಕದ್ದರೆ ಕೇಳುವಂತಿಲ್ಲ. ಎಂಥ ಮಾತಿಗೂ ಸಿಟ್ಟು ಮಾಡುವಂತಿಲ್ಲ. ಸಿಟ್ಟು ಮಾಡಿದವನ ಮುಖ ಊರವರು ನೋಡುವುದಿಲ್ಲ. ಮೊಸ್ಸಿಯ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಸಾಮೋಗಳು ಬಂದು ಹೆಣಕ್ಕೆ ಅಡ್ಡ ಹಾಕಿ, ಏನಾದರೂ ಕೊಟ್ಟು ಬಿಡಿಸಿಕೋ ಎಂದು ಸತಾಯಿಸಬೇಕು. ಅದಿಲ್ಲದ ಸಾವು ನಮ್ಮಲ್ಲಿ ಉಪ್ಪಿಲ್ಲದ ಸಾರಿನ ಹಾಗೆ.

ಆದರೆ ಊರು ಸುಟ್ಟು, ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದವರನ್ನು ಬೈಯುವುದು ಹೇಗೆ? ನಾವು ಬೈಯಲಿಲ್ಲ. ಇನ್ನೊಬ್ಬರ ಹೊಲದಲ್ಲಿ ಮಲಗಿ, ಇನ್ನೊಬ್ಬರ ನೀರು ಕುಡಿಯುವವರು ಬೈಯುವುದು ಹೇಗೆ? ಅವರೂ ಬೈಯಲಿಲ್ಲ. ಸಂಸ್ಥೆಯ ಮೇಡಂ ತಿಂಗಳಿಗೊಮ್ಮೆ ಬಂದು ಸಭೆ ಮಾಡುತ್ತಿದ್ದರು. ಅವರು ರಾಜಧಾನಿಯ ಕಡೆಯವರು, ಮನಸ್ಸು ತುಂಬ ಒಳ್ಳೆಯದು. ‘ಪರಸ್ಪರ ಗೌರವದಿಂದ ಇರಿ’ ಎನ್ನುತ್ತಿದ್ದರು. ನಾವು ಹಾಗೇ ಇದ್ದೆವು. ಎಷ್ಟು ಗೌರವವೆಂದರೆ ನಲ್ಲಿಯ ಬಳಿ ‘ನೀವು ಮೊದಲು’, ‘ಇಲ್ಲ ಇಲ್ಲ, ನೀವೇ ಮೊದಲು’ ಎನ್ನುತ್ತಾ ನೀರು ಚೆಲ್ಲಿಹೋಗುತ್ತಿತ್ತು.

‘ನಿಮಗೇನು ಬೇಕು, ಹೇಳಿ’ ಎಂದು ಮೇಡಂ ಕೇಳಿದರೆ ಕರಿಜಾ ಎದ್ದು, ತಲೆ ತಗ್ಗಿಸಿ, ‘ಎಲ್ಲ ಚೆನ್ನಾಗಿದೆ ತಾಯಿ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ’ ಎಂದು ಕೂತುಬಿಡುತ್ತಿದ್ದಳು. ಅವಳ ಗುಡಾರದ ಟಾರ್ಪಾಲು ಜರಡಿಯಾಗಿತ್ತು. ಅವಳು ಕಟ್ಟುತ್ತಿದ್ದ ಮುದ್ದೆಯಲ್ಲಿ ಸಜ್ಜೆಗಿಂತ ನೀರೇ ಜಾಸ್ತಿಯಿತ್ತು.

ಬೇಸಿಗೆ ಮುಗಿಯುತ್ತಾ ಬಂದಾಗ ರಾಸ್ಮಾನೆ ಅಜ್ಜ ಗುಡುಗಿದರು. ಮೊದಲ ಮಳೆಗೆ ಮುಂಚೆ ಹೊಲ ಖಾಲಿಯಾಗಬೇಕು, ತಾವು ಬಿತ್ತಬೇಕು. ಅದನ್ನು ತಪ್ಪು ಎನ್ನಲು ನನಗೆ ಬಾಯಿಲ್ಲ. ಅವರ ದೊಡ್ಡ ಹೊಲಗಳೆಲ್ಲ ಉತ್ತರದಲ್ಲಿವೆ, ಅಲ್ಲೂ ಬಂದೂಕಿನವರಿದ್ದಾರೆ, ಹೋದವರು ಮರಳುವುದಿಲ್ಲ. ಹೋದ ವರ್ಷದ ಮಳೆ ಎರಡು ದಿನ ಬಂದು ಮುಖ ತೋರಿಸಿ ಹೋಗಿತ್ತು. ಮನೆತುಂಬ ಉಣ್ಣುವ ಬಾಯಿ, ಉಳಿದದ್ದು ಇದೊಂದೇ ಹೊಲ. ಆದರೆ ಅದು ಖಾಲಿಯಾದರೆ ಗುಡಾರದವರು ಎಲ್ಲಿಗೆ ಹೋಗಬೇಕು? ನೀರಿನ ಚೀಲ ಎಲ್ಲಿಗೆ ಹೋಗಬೇಕು? ಪಟ್ಟಣದ ಸುತ್ತ ಕಾಲಿಡಲೂ ಜಾಗವಿರಲಿಲ್ಲ.

ಪುರಸಭೆಯವರು ಬಂದು ಕೇಳಿಕೊಂಡರು. ಇಮಾಮರು ಕೇಳಿಕೊಂಡರು. ಮೇಡಂ ಕೈಮುಗಿದು ಕೇಳಿಕೊಂಡರು. ಅಜ್ಜ ಎಲ್ಲರಿಗೂ ಒಂದೇ ಮಾತು ಹೇಳಿದರು: ‘ಪರದೇಶಿಗಳು ಎಷ್ಟು ದಿನ ಅಂತ ಇರ್ತಾರೆ? ಪರದೇಶಿಗಳಿಗೂ ನನಗೂ ಏನು ಸಂಬಂಧ?’

ಒಂದು ದಿನ ನಲ್ಲಿಯ ಬಳಿ ಬಂದು ನನ್ನ ಮೇಲೆ ಹರಿಹಾಯ್ದರು.

‘ಸಿಬ್ದು, ನಿನ್ನೆ ನನ್ನ ಗಿನಿಕೋಳಿ ಆ ಗುಡಾರದ ಕಡೆ ಹೋಗಿತ್ತು ಕಣೇ.’

‘ಅಯ್ಯೋ, ಕದ್ದುಬಿಟ್ಟರಾ ಅಜ್ಜ?’

‘ಕದ್ದಿದ್ದರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ? ತಂದುಕೊಟ್ಟರು! ಆ ಕರಿಜಾ, ಎರಡೂ ಕೈಲಿ ಹಿಡಿದು, ಮಂಡಿ ಬಗ್ಗಿಸಿ, ತಗೊಳ್ಳಿ ಯಜಮಾನರೇ ಅಂತಾಳೆ. ಸಾಮೋ ಹೆಂಗಸು ನನ್ನನ್ನ ಯಜಮಾನರೇ ಅನ್ನೋದಾ? ನಮ್ಮಪ್ಪ ಕೇಳಿಸಿಕೊಂಡಿದ್ದರೆ ಗೋರಿಯಿಂದ ಎದ್ದು ಬರ್ತಿದ್ದ.’

ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ಬೇರೇನೋ ಇತ್ತು. ನಾನು ಗಾಬರಿಯಲ್ಲಿ ನಲ್ಲಿ ತಿರುಗಿಸುತ್ತಾ ‘ಪ್ರಾಮಾಣಿಕರು ಪಾಪ’ ಎಂದೆ. ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಸಂಜೆ ಶಾಲೆಗೆ ಹೋಗಿ ನಿನಗೂ ಬುದ್ಧಿ ಕತ್ತಲಾಯ್ತು’ ಎಂದು ಹೊರಟುಹೋದರು.

ಅದಾದ ವಾರದಲ್ಲೇ ಅವರ ತಾಯಿ ಪೋಕೊ ಅಜ್ಜಿ ತೀರಿಕೊಂಡರು. ಅವರಿಗೆಷ್ಟು ವಯಸ್ಸೆಂದು ಅವರಿಗೇ ಗೊತ್ತಿರಲಿಲ್ಲ. ದಿನಾ ಸಂಜೆ ನಲ್ಲಿಯ ಬಳಿ ಬಂದು, ಒಂದು ಕಣ್ಣು ಮುಚ್ಚಿಕೊಂಡು, ಕೋಲೂರಿ ಕೂತು, ‘ರಾಸ್ಮಾನೆ, ನನ್ನ ಹೊಗೆಸೊಪ್ಪು ಎಲ್ಲೋ?’ ಎಂದು ಮುದಿ ಮಗನನ್ನು ಕೂಗುತ್ತಿದ್ದರು. ಅಷ್ಟು ತುಂಬು ಬಾಳು ಬಾಳಿದವರು ಸತ್ತರೆ ನಮ್ಮಲ್ಲಿ ಗೋಳಾಟವಿಲ್ಲ. ಮೊಮ್ಮಕ್ಕಳು ಕುಣಿಯುತ್ತಾರೆ, ದೊಡ್ಡ ಪಾತ್ರೆಯಲ್ಲಿ ಮುದ್ದೆ ಬೇಯುತ್ತದೆ.

ಆ ಬೆಳಿಗ್ಗೆ ಡೋಲಿನವರು ಬಂದರು, ಬಾರಿಸಿದರು, ಯಾಕೋ ಕಳೆ ಏರಲೇ ಇಲ್ಲ. ಮೊಮ್ಮಕ್ಕಳು ಎರಡು ಸುತ್ತು ಕುಣಿದು ನೀರು ಕುಡಿಯಲು ಕೂತರು. ಸ್ನಾನ ಮಾಡಿಸಿ, ಬಿಳಿ ಬಟ್ಟೆ ಸುತ್ತಿ, ದೇಹವನ್ನು ಚಾಪೆಯ ಮೇಲಿಟ್ಟದ್ದಾಯಿತು. ಹೊರುವವರು ತೋಳು ಮಡಚಿ ನಿಂತರು. ರಾಸ್ಮಾನೆ ಅಜ್ಜ ಹೊಸ್ತಿಲ ಬಳಿ ಪುಟ್ಟ ಮಣೆ ಹಾಕಿಕೊಂಡು ಕೂತವರು ಏಳಲೊಲ್ಲರು.

‘ಬಿಸಿಲೇರ್ತಿದೆ ರಾಸ್ಮಾನೆ. ಎತ್ತೋಣವಾ?’ ಎಂದರು ಇಮಾಮರು.

‘ಬರಬೇಕಾದವರು ಬಂದಿಲ್ಲ.’

‘ಯಾರು? ಅಳಿಯಂದಿರು ಬಂದ್ರು, ಸೋದರಮಾವನ ಕಡೆಯವರು ಬಂದ್ರು, ಎಲ್ಲ ಬಂದ್ರಲ್ಲಪ್ಪ.’

‘ಬರಬೇಕಾದವರು ಬಂದಿಲ್ಲ’ ಎಂದರು ಅಜ್ಜ ಮತ್ತೆ. ಎಂದವರು ಗೋಡೆಯ ಮೇಲಿಂದ ಹೊಲದ ಕಡೆಗೆ, ಟಾರ್ಪಾಲುಗಳ ಕಡೆಗೆ ಒಂದು ಸಲ ನೋಡಿದರು.

ನನ್ನ ಕೈಯಲ್ಲಿ ನೀರಿನ ಕೊಡವಿತ್ತು. ಅದನ್ನು ಅಲ್ಲೇ ಇಟ್ಟು ಓಡಿದೆ. ಓಡುತ್ತಾ ಅನುಮಾನ ಬಂತು. ಅಜ್ಜ ಸುಮ್ಮನೆ ಮೋಡ ನೋಡಿದ್ದಿರಬಹುದು. ತಿರುಗಿ ಹೋಗೋಣವೇ ಎಂದು ನಡುದಾರಿಯಲ್ಲಿ ನಿಂತೆ. ಮತ್ತೆ ಓಡಿದೆ.

ಬೇವಿನ ನೆರಳಲ್ಲಿ ಕರಿಜಾ ಮತ್ತು ಇತರ ಹೆಂಗಸರು ಕೂತಿದ್ದರು. ಎದುರಿಗೆ ಕ್ಯಾನುಗಳ ಸಾಲು. ಎಲ್ಲಕ್ಕಿಂತ ಮುಂದೆ ಕರಿಜಾಳ ಕೆಂಪು ಚಿಂದಿಯ ಕ್ಯಾನು.

‘ಅಜ್ಜಿ ಸುದ್ದಿ ಗೊತ್ತಾಯ್ತಮ್ಮ’ ಎಂದಳು ಕರಿಜಾ ಮೆಲ್ಲಗೆ. ‘ದೊಡ್ಡೋರೆಲ್ಲ ಬಂದು ಹೋಗ್ಲಿ. ಸಂಜೆ ಮೇಲೆ ನಾವು ಬಂದು ಮೂಲೇಲಿ ಕೂತು, ಯಜಮಾನರಿಗೆ ಸಮಾಧಾನ ಹೇಳಿ ಬರ್ತೀವಿ.’

‘ಈಗಲೇ ಬನ್ನಿ.’

‘ಅಷ್ಟು ಜನರ ಮುಂದೆ ನಾವ್ಯಾಕಮ್ಮ? ಅವರ ನೆಲದ ಮೇಲೆ ಬಿದ್ದಿರೋರು ನಾವು. ನಮ್ಮ ಮರ್ಯಾದೇಲಿ ನಾವಿರಬೇಕಲ್ವಾ?’

ಬೈಯಬೇಕು ಎಂದು ನನಗೆ ಗೊತ್ತಿತ್ತು. ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಇಷ್ಟು ತಿಂಗಳು ‘ಅಮ್ಮಾ’, ‘ದಯವಿಟ್ಟು’ ಎಂದು ರೂಢಿಯಾದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಕೊನೆಗೆ ನನ್ನ ಕಾಲೇ ಮುಂದಾಯಿತು. ಸರದಿ ಕಾಯುವ ನಾನು, ಒಂದು ಗೇಣಿಗೆ ನಿದ್ದೆಗೆಡುವ ನಾನು, ಕರಿಜಾಳ ಕ್ಯಾನಿಗೆ ಜಾಡಿಸಿ ಒದ್ದೆ. ಅದು ಡಬಡಬ ಉರುಳುತ್ತಾ ಸಾಲಿನ ಕೊನೆಗೂ ಆಚೆ ಹೋಗಿ ಒಂದು ಕತ್ತೆಯ ಕಾಲಿಗೆ ತಗುಲಿತು. ಕತ್ತೆ ಅರಚಿತು.

‘ಗುಲಾಮರ ಕ್ಯಾನು ಹಿಂದೆ!’ ಎಂದು ಕೂಗಿದೆ. ನನ್ನ ದನಿ ಮೇಕೆಯ ದನಿಯ ಹಾಗಿತ್ತು. ‘ಒಡತಿ ಮನೇಲಿ ಹೆಣ ಇದೆ, ನೀವಿಲ್ಲಿ ನೆರಳು ಕಾಯ್ತಾ ಕೂತಿದ್ದೀರಾ, ನಾಯಿ ತಿನ್ನೋರಾ! ನಾಯಿ ತಲೆ ಯಾರಿಗೆ ಅಂತ ಕಚ್ಚಾಡಿ ಸುಸ್ತಾಯ್ತಾ?’

ಕರಿಜಾ ಎದ್ದು ನಿಂತಳು. ಅವಳು ಅಷ್ಟು ಎತ್ತರವೆಂದು ನನಗೆ ಗೊತ್ತೇ ಇರಲಿಲ್ಲ. ಯಾವಾಗಲೂ ಬಗ್ಗಿಯೇ ಇರುತ್ತಿದ್ದಳಲ್ಲ. ‘ಏನಂದೆ?’ ಎಂದಳು.

ನನಗೆ ಅಳುವೇ ಬಂತು. ತಪ್ಪಾಯ್ತು ಎನ್ನಲು ತುಟಿ ಅಲ್ಲಾಡಿಸಿದೆ. ಆಗ ಅವಳ ಬಾಯಿಯ ಒಂದು ಮೂಲೆ ಮೇಲೇರಿತು. ಆಮೇಲೆ ಇನ್ನೊಂದು.

‘ಕೇಳಿದ್ರೇನ್ರೇ!’ ಎಂದು ಚಪ್ಪಾಳೆ ತಟ್ಟಿದಳು. ‘ನನ್ನ ಗುಲಾಮಳಿಗೆ ಬಾಯಿ ಬಂದಿದೆ! ನಾನು ಮೂಗೀನ ತಂದು ನಲ್ಲಿ ಕಾಯೋಕೆ ಇಟ್ಟಿದ್ದಾರೆ ಅಂದ್ಕೊಂಡಿದ್ದೆ. ಏಳ್ರೇ! ನಮ್ಮ ಆಳುಮಕ್ಕಳ ಮನೇಲಿ ಸಾವಾಗಿದೆ. ನಾವಿಲ್ಲದೆ ಆ ಮೊಸ್ಸಿಗಳಿಗೆ ಹೆಣ ಹೂಳೋಕೂ ಬರಲ್ಲ!’

ಅಲ್ಲಿಂದ ಮುಂದಿನದನ್ನು ವರಸೆಯಾಗಿ ಹೇಳಲು ನನ್ನಿಂದಾಗದು. ಎಲ್ಲ ಒಟ್ಟಿಗೇ ಆಯಿತು. ಹರಿದ ಟಾರ್ಪಾಲು ಹೊದ್ದು, ಪಾತ್ರೆ ಬಡಿಯುತ್ತಾ ಹೆಂಗಸರು ನುಗ್ಗಿದರು, ಹಿಂದೆ ಗಂಡಸರು, ಹಿಂದೆ ಆ ಕತ್ತೆ. ಡೋಲಿನವರಿಗೆ ಅದೆಲ್ಲಿತ್ತೋ ಕಸುವು, ಬಡಿದರು ನೋಡಿ! ಇಬ್ಬರು ಹೆಂಗಸರು ಮುದ್ದೆಯ ಪಾತ್ರೆಯನ್ನೇ ಹೊತ್ತುಕೊಂಡು ಹೊರಟರು. ಒಬ್ಬಳು ಹೊರುವ ನಾಲ್ವರ ಕಾಲನ್ನೂ ಒಂದೇ ಹಗ್ಗದಲ್ಲಿ ಕಟ್ಟಿದಳು. ಹಿರಿಯರ ಬೆಂಚಿನ ಮೇಲೆ ಸಾಮೋ ಮುದುಕನೊಬ್ಬ ಅಡ್ಡಡ್ಡ ಮಲಗಿ ಗೊರಕೆ ಹೊಡೆದ. ಕರಿಜಾ ಗೋಡೆಗೆ ಒರಗಿಸಿದ್ದ ಪೋಕೊ ಅಜ್ಜಿಯ ಕೋಲು ತೆಗೆದುಕೊಂಡು, ಒಂದು ಕಣ್ಣು ಮುಚ್ಚಿ, ಬೆನ್ನು ಬಗ್ಗಿಸಿದಳೋ ಇಲ್ಲವೋ, ಅಜ್ಜಿಯೇ ಎದ್ದು ಬಂದ ಹಾಗಾಯಿತು.

‘ರಾಸ್ಮಾನೆ! ನನ್ನ ಹೊಗೆಸೊಪ್ಪು ಎಲ್ಲೋ?’

ಅಂಗಳ ಬಿದ್ದೂ ಬಿದ್ದೂ ನಕ್ಕಿತು. ಅಜ್ಜಿಯ ಸೊಸೆ ನಗುತ್ತಾ ನಗುತ್ತಾ ಕಂಬ ತಬ್ಬಿಕೊಂಡಳು. ಕರಿಜಾ ನೇರ ಬಂದು ಹೊಸ್ತಿಲಿಗೆ ಅಡ್ಡ ಮಲಗಿ, ಟಾರ್ಪಾಲನ್ನು ಮುಖದವರೆಗೆ ಎಳೆದುಕೊಂಡಳು.

‘ನಾನೆಲ್ಲೋ ಸತ್ತಿದ್ದೀನಿ? ಒಳಗಿರೋದು ಯಾವಳೋ! ನೀವು ಮೊಸ್ಸಿಗಳು ಹೆತ್ತ ತಾಯಿ ಗುರುತೂ ಹಿಡಿಯಲ್ವಲ್ಲೋ.’

ರಾಸ್ಮಾನೆ ಅಜ್ಜ ಮಣೆಯಿಂದ ಎದ್ದರು. ಮುಖ ಗಂಟಿಕ್ಕಿಕೊಂಡಿತ್ತು, ಆದರೆ ಗಡ್ಡ ಕುಣಿಯುತ್ತಿತ್ತು.

‘ಯಾರಲ್ಲಿ? ಈ ನಾಯಿಗಳನ್ನ ಒಳಗೆ ಬಿಟ್ಟೋರು ಯಾರು? ಎದ್ದೇಳೇ ದೆವ್ವ, ದಾರಿ ಬಿಡು!’

‘ಹೆಣ ಬೇಕಾದ್ರೆ ಬಿಡಿಸ್ಕೋ.’

ಅಜ್ಜ ಮರ್ಯಾದೆಗೆ ಕೊಡುವ, ಅಗಿಯುವ ಕೋಲಾ ಕಾಯಿ ತರಿಸಿದರು. ಕರಿಜಾ ಒಂದನ್ನು ಕಚ್ಚಿ ಉಗಿದಳು. ‘ಹುಳ ಹಿಡಿದಿದೆ, ನಿನ್ನ ಮನಸ್ಸಿನ ಹಾಗೆ.’ ಹುಂಜ ತರಿಸಿದರು. ಕುತ್ತಿಗೆ ಹಿಡಿದು ತಿರುಗಿಸಿ ನೋಡಿ, ‘ಇದು ನಿನ್ನ ತಮ್ಮನಾ? ಮೂಗು ಒಂದೇ ಥರ ಇದೆ’ ಎಂದಳು. ಇಮಾಮರು ಬಿಸಿಲು ನೋಡುತ್ತಾ ಬಾಯಿಗೆ ಮುಂಗೈ ಅಡ್ಡ ಹಿಡಿದು, ಕೆಮ್ಮಿದ ಹಾಗೆ ಮಾಡಿದರು.

‘ಮತ್ತೇನು ಬೇಕೇ ನಿನಗೆ?’ ಎಂದರು ಅಜ್ಜ.

ಕರಿಜಾ ಟಾರ್ಪಾಲಿನಿಂದ ಮುಖ ಹೊರಗೆ ಹಾಕಿದಳು. ಎರಡೂ ಕಣ್ಣು ತೆರೆದಿದ್ದವು.

‘ಹೊಲ.’

ಡೋಲು ನಿಂತಿತು. ನಾನು ಯಾರಿಗೋ ನೀರು ಬಗ್ಗಿಸುತ್ತಿದ್ದವಳು ಬಗ್ಗಿಸುತ್ತಲೇ ಇದ್ದೆ, ಅವರ ಪಾದವೆಲ್ಲ ಒದ್ದೆಯಾಯಿತು. ಇದು ತಮಾಷೆಯ ಗಡಿ ದಾಟಿದ ಮಾತು ಎಂದು ಎಲ್ಲರಿಗೂ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

‘ಹೊಲ ನಿನಗೆ ಕೊಟ್ಟು ನನ್ನ ಮಕ್ಕಳು ಮೊಮ್ಮಕ್ಕಳು ಏನು ತಿನ್ನಬೇಕು?’ ಅಜ್ಜ ನಿಧಾನವಾಗಿ ಕೇಳಿದರು.

‘ನಾಯಿ ತಲೆ ತಿನ್ನಿ. ಅಭ್ಯಾಸ ಇದೆಯಲ್ಲ.’

ಯಾರೋ ಕಿಸಕ್ಕೆಂದರು. ಅಜ್ಜ ನಗಲಿಲ್ಲ. ಕರಿಜಾ ಮೊಣಕೈ ಊರಿ ಎದ್ದು ಕೂತಳು.

‘ಹೊಲದ ಆಚೆಗೆ ಬೆಂಗಾಡು ಬಿದ್ದಿದೆಯಲ್ಲ, ನಿನ್ನ ಮಂಡೆ ಥರ ಬೋಳು ಬೋಳಾಗಿ. ಅಲ್ಲಿ ಬಿತ್ತು.’

‘ಅದು ಕಲ್ಲಿನಂಥ ನೆಲ ಕಣೇ. ಅಡಿಗಡಿಗೂ ಗುಣಿ ತೋಡಿ, ಗೊಬ್ಬರ ತುಂಬಿದರಷ್ಟೇ ಅಲ್ಲಿ ಸಜ್ಜೆ ಏಳೋದು. ನಮ್ಮಪ್ಪನ ಕಾಲದಲ್ಲಿ ಊರೇ ಸೇರಿ ತೋಡ್ತಿತ್ತು. ಈಗ ನನಗೆ ಕೈಗಳು ಎಲ್ಲಿವೆ?’

‘ಇಲ್ಲಿ ನೋಡು’ ಎಂದು ಅವಳು ತನ್ನ ದೊಡ್ಡ ಕೈಗಳನ್ನು ಅವರ ಮೂಗಿನ ಕೆಳಗೆ ಹಿಡಿದಳು. ‘ಹೊಲ ತುಂಬ ಸುಮ್ನೆ ಕೂತಿರೋ ಕೈಗಳೇ. ಗುಲಾಮ ಹಸಿವಿನಿಂದ ಸತ್ತರೆ ನಷ್ಟ ಯಾರಿಗೆ? ಒಡೆಯರಿಗೆ ತಾನೇ? ನಾವು ತೋಡ್ತೀವಿ. ನೀನು ಬದುಕಿರು, ಸಾಕು.’

ಅಜ್ಜ ಬಾಯಿ ತೆರೆದರು. ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆಯಿಂದ. ನಗುತ್ತಾ ಮಣೆಯ ಮೇಲೆ ಕೂರಲು ಹೋಗಿ ಮಣೆ ತಪ್ಪಿ ನೆಲಕ್ಕೇ ಕೂತರು. ಹಾಗೇ ನಗುತ್ತಿದ್ದವರ ಕಣ್ಣಲ್ಲಿ ನೀರು ಬಂತು. ನಗು ನಿಂತ ಮೇಲೂ ಆ ನೀರು ನಿಲ್ಲಲಿಲ್ಲ. ಬೆಳಗಿನಿಂದ ಅವರು ತಾಯಿಗಾಗಿ ಒಂದು ಹನಿ ಸುರಿಸಿರಲಿಲ್ಲ.

‘ತೋಡ್ತಾರಂತೆ!’ ಎಂದು ತೋಳಿನಿಂದ ಮುಖ ಒರೆಸಿಕೊಂಡರು. ‘ಸಾಮೋ ತೋಡಿದ ಗುಣೀಲಿ ಇಲಿ ಮಲಗೋಕೂ ಒಪ್ಪಲ್ಲ. ನಾನೇ ಹಿಂದೆ ನಿಂತು ಒದ್ದು ತೋಡಿಸ್ತೀನಿ. ಒಂದು ಗುಣಿ ಸೊಟ್ಟಗಾದ್ರೂ ನೋಡು, ಹೊಲದಿಂದಾಚೆ ಹಾಕ್ತೀನಿ! ಏಳೇ ಈಗ. ನಮ್ಮಮ್ಮನಿಗೆ ಹೊತ್ತಾಯ್ತು.’

ಕರಿಜಾ ಎದ್ದು ಬಾಗಿಲು ಬಿಟ್ಟಳು. ಚಾಪೆ ಅವಳ ಪಕ್ಕ ಹಾದುಹೋಗುವಾಗ ಅಂಚು ಮುಟ್ಟಿ, ಸ್ವಂತ ದನಿಯಲ್ಲಿ, ‘ಹೋಗಿ ಬಾ ಅಕ್ಕಾ’ ಎಂದಳು. ಹೊರುವವರು ಎರಡು ಹೆಜ್ಜೆ ಇಟ್ಟು ಮುಗ್ಗರಿಸಿದರು. ಅವರ ಕಾಲಿನ ಹಗ್ಗ ಬಿಚ್ಚಲು ಎಲ್ಲರಿಗೂ ಮರೆತುಹೋಗಿತ್ತು.

ಮಾರನೆಯ ದಿನದಿಂದ ಬೆಂಗಾಡಿನಲ್ಲಿ ಗುದ್ದಲಿಯ ಸದ್ದು. ರಾಸ್ಮಾನೆ ಅಜ್ಜ ಕೊಡೆ ಹಿಡಿದು ಸಾಲಿನಿಂದ ಸಾಲಿಗೆ ಓಡಾಡುತ್ತಾ, ಗುಣಿ ಎಷ್ಟು ಆಳವಿರಬೇಕು, ಗೊಬ್ಬರ ಎಷ್ಟು ಹಿಡಿ ಬೀಳಬೇಕು ಎಂದು ಬೈಗುಳದಲ್ಲೇ ಕಲಿಸಿದರು. ಅವರ ಗಿನಿಕೋಳಿ ಮೂರು ದಿನದಲ್ಲಿ ಮಾಯವಾಯಿತು. ಅಜ್ಜ ಸಿಕ್ಕಿದವರಿಗೆಲ್ಲ, ‘ಕದ್ದರು ಕಣ್ರೀ, ಕಳ್ಳ ಸಾಮೋಗಳು!’ ಎಂದು ಹೇಳಿಕೊಂಡು ಬಂದರು. ಮಗಳ ಮದುವೆ ಗೊತ್ತಾದವರ ಹಾಗಿತ್ತು ಅವರ ಮುಖ.

ನನ್ನ ನಲ್ಲಿಯ ಸರದಿ ಮಾತ್ರ ಹಾಳಾಯಿತು. ಕರಿಜಾ ಬಂದವಳೇ ಮೊಸ್ಸಿಗಳ ಕ್ಯಾನನ್ನೆಲ್ಲ ಹಿಂದಕ್ಕೆ ಎಸೆಯುತ್ತಾಳೆ. ಮೊಸ್ಸಿ ಹೆಂಗಸರು ಅವಳದನ್ನು ಬೇವಿನ ಕೊಂಬೆಗೆ ನೇತುಹಾಕುತ್ತಾರೆ. ನಾನು ತಲೆ ಚಚ್ಚಿಕೊಳ್ಳುತ್ತೇನೆ. ಆದರೆ ವಿಚಿತ್ರ, ‘ನೀವು ಮೊದಲು’ ಎನ್ನುವುದು ನಿಂತ ಮೇಲೆ ನೀರು ಚೆಲ್ಲುವುದೂ ನಿಂತಿದೆ.

ಮುಂದಿನ ಸಭೆಗೆ ಬಂದ ಮೇಡಂ ಗುಡಾರದಾಚೆಯಿಂದ ಬರುತ್ತಿದ್ದ ಕೂಗಾಟ ಕೇಳಿ ಬೆಚ್ಚಿ, ನನ್ನ ಕೈ ಹಿಡಿದರು. ‘ಸಿಬ್ದು, ಜಗಳ ಶುರುವಾಗಿದೆಯಾ?’

‘ಇಲ್ಲ ಮೇಡಂ’ ಎಂದೆ. ‘ಈಗ ನಿಂತಿದೆ.’

ಅವರು ಎಂದಿನಂತೆ, ನಿಮಗೇನು ಬೇಕು ಎಂದು ಕೇಳಿದರು. ಕರಿಜಾ ಎದ್ದಳು. ತಲೆ ತಗ್ಗಿಸಲಿಲ್ಲ.

‘ಟಾರ್ಪಾಲು ಹರಿದಿದೆ, ಮಳೆಗೆ ಮುಂಚೆ ಬೇಕು. ಸಜ್ಜೆ ಸಾಲ್ತಿಲ್ಲ, ಮಕ್ಕಳು ಅರೆಹೊಟ್ಟೇಲಿ ಮಲಗ್ತಿದಾವೆ. ಇಬ್ಬರು ಬಸುರೀರಿಗೆ ಔಷಧಿ ಬೇಕು. ಗುದ್ದಲಿ ಬೇಕು. ಆಮೇಲೆ’ ಎಂದು ರಾಸ್ಮಾನೆ ಅಜ್ಜನ ಕಡೆ ಗದ್ದ ತೋರಿಸಿದಳು, ‘ಸಾಧ್ಯ ಆದ್ರೆ ಒಬ್ಬ ಹೊಸ ಮೊಸ್ಸೀನ ಕಳಿಸಿಕೊಡಿ. ಇದು ಹಳೇದಾಯ್ತು, ಬೈದ್ರೆ ಅಳುತ್ತೆ.’

ಮೇಡಂ ಆ ಕೊನೆಯದನ್ನೂ ಬರೆದುಕೊಂಡರೋ ಏನೋ, ನಾನು ನೋಡಲಿಲ್ಲ. ನಗುವಿನಲ್ಲಿ ನನ್ನ ಕಣ್ಣು ಮುಚ್ಚಿಹೋಗಿತ್ತು.

ಇಷ್ಟು ನನಗೆ ಗೊತ್ತಿರುವುದು. ಗೊತ್ತಿಲ್ಲದ್ದನ್ನೂ ಹೇಳಿಬಿಡಬೇಕು. ಅಜ್ಜ ಅವತ್ತು ಹೊಸ್ತಿಲಲ್ಲಿ ಇವರಿಗಾಗಿಯೇ ಕಾದರೋ, ತಾಯಿಯನ್ನು ಕಳಿಸಲು ಮನಸ್ಸಿಲ್ಲದೆ ಕೂತಿದ್ದರೋ ನನಗೆ ಗೊತ್ತಿಲ್ಲ. ಧೈರ್ಯ ಮಾಡಿ ಒಮ್ಮೆ ಕೇಳಿದೆ. ‘ಕಾಲು ಜೋಮು ಹಿಡಿದಿತ್ತು ಕಣೇ, ಎದ್ದೇಳೋಕೆ ಆಗ್ಲಿಲ್ಲ’ ಎಂದರು. ನಾನು ಆ ಕ್ಯಾನಿಗೆ ಒದೆಯದಿದ್ದರೂ ಕರಿಜಾ ಬರುತ್ತಿದ್ದಳೋ ಏನೋ, ಅದೂ ಗೊತ್ತಿಲ್ಲ. ಹೊಸ ಟಾರ್ಪಾಲು ಬಂದಿದೆ, ಸಜ್ಜೆ ಬರುತ್ತದಂತೆ. ಬೆಂಗಾಡಿನ ತುಂಬ ಗುಣಿಗಳು ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿವೆ, ಕೆಲವು ಸೊಟ್ಟಗೆ. ಇದನ್ನು ಬರೆಯುವ ಹೊತ್ತಿಗೆ ಮೊದಲ ಮಳೆ ಬಂದಿಲ್ಲ. ಬರುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ.